ಮೀನಿನ ಕೊಳದಲ್ಲಿ ಹಸಿರಿಗೊಂದು ಪಾಲು

ನಾಸಿಕದಿಂದ ಮುಂಬೈ–ಆಗ್ರಾ ಹೆದ್ದಾರಿ ಹಿಡಿದು ಈಶಾನ್ಯಕ್ಕೆ ಮೂವತ್ತು ಕಿಲೋಮೀಟರಿನಷ್ಟು ಹೋದರೆ ಪಿಂಪಳಗಾಂವ್ ಬಸವಂತ್. ಈರುಳ್ಳಿ, ಟೊಮೆಟೊ ವ್ಯಾಪಾರ ಮಾಡುವವರಿಗೆ ಈ ಊರಿನ ಮಾರುಕಟ್ಟೆ ಗೊತ್ತಿರುತ್ತದೆ. ಸುತ್ತಲಿನದು ದ್ರಾಕ್ಷಿಯ ಸೀಮೆ. ಸಹ್ಯಾದ್ರಿಯ ಮಳೆನೆರಳಿನ ನೆಲವಾದ್ದರಿಂದ ಇಲ್ಲಿನ ರೈತ ನೀರು ಕೂಡಿಟ್ಟೇ ತೋಟ ಮಾಡಬೇಕು. ನಮ್ಮ ವಿಜಯಪುರದ ಬೆಳೆಗಾರರ ಹಾಗೆ ಇಲ್ಲಿಯವರೂ ವರ್ಷಕ್ಕೆ ಎರಡು ಸಲ ಬಳ್ಳಿಗೆ ಚಾಟ್ನಿ ಮಾಡುತ್ತಾರೆ, ಅಂದರೆ ಬಳ್ಳಿ ಸವರುತ್ತಾರೆ. ಏಪ್ರಿಲ್ ಚಾಟ್ನಿಯಿಂದ ಮಳೆ ಹಿಡಿಯುವ ತನಕ ಬುಡಕ್ಕೆ ಹನಿ ನೀರು ಬೀಳಬೇಕಾದರೆ ಹೊಲದ ಮೂಲೆಯಲ್ಲೊಂದು ‘ಶೇತತಳೆ’ ಇರಬೇಕು. ಅದು ನಮ್ಮ ಕೃಷಿ ಹೊಂಡವೇ. ಹೊಂಡಕ್ಕೆ ನೆರವು ಕೊಡುವ ಕೃಷಿ ಭಾಗ್ಯ ಯೋಜನೆ ಕರ್ನಾಟಕದಲ್ಲಿ 2014ರಲ್ಲಿ ಬಂದಿತು. ಮಹಾರಾಷ್ಟ್ರದಲ್ಲಿ 2016ರಲ್ಲಿ ‘ಮಾಗೇಲ್ ತ್ಯಾಲಾ ಶೇತತಳೆ’ ಬಂದಿತು, ಅಂದರೆ ಕೇಳಿದವರಿಗೆಲ್ಲ ಹೊಂಡ. ದ್ರಾಕ್ಷಿ ತೋಟದ ಹೊಂಡಗಳಿಗೆ ನೀರು ಇಂಗದಿರಲೆಂದು ತಳದಿಂದ ಏರಿಯವರೆಗೂ ಪ್ಲಾಸ್ಟಿಕ್ ಹಾಳೆ ಹಾಸುವುದು ರೂಢಿ. ನೀರು ನಿಂತಿರುವ ತಿಂಗಳುಗಳಲ್ಲಿ ಕೆಲವರು ಅದಕ್ಕೆ ಮೀನುಮರಿಯನ್ನೂ ಬಿಡುತ್ತಾರೆ.

ಪಿಂಪಳಗಾಂವ್ ಇರುವ ನಿಫಾಡ್ ತಾಲ್ಲೂಕಿನಲ್ಲೇ ದಕ್ಷಿಣಕ್ಕೆ, ಗೋದಾವರಿಯೂ ಕಾದವಾ ನದಿಯೂ ಕೂಡುವಲ್ಲಿ, ನಾಂದೂರ್ ಮಧಮೇಶ್ವರವಿದೆ. 20ನೇ ಶತಮಾನದ ಆರಂಭದಲ್ಲಿ ಕಾಲುವೆಗಳಿಗೆ ನೀರು ತಿರುಗಿಸಲು ಬ್ರಿಟಿಷರು ಅಲ್ಲಿ ಒಡ್ಡು ಕಟ್ಟಿದರು. ಒಡ್ಡಿನ ಹಿಂದೆ ವರ್ಷವರ್ಷವೂ ಹೂಳು ಕೂತಿತು. ನೀರಾವರಿ ಇಲಾಖೆಯ ಲೆಕ್ಕದಲ್ಲಿ ಹೂಳೆಂದರೆ ನಷ್ಟವೇ. ಆದರೆ ಹೂಳು ಏರಿದಂತೆ ನೀರಿನ ಆಳ ಕಡಿಮೆಯಾಯಿತು, ಬಿಸಿಲು ತಳ ಮುಟ್ಟಿತು, ತಳದಲ್ಲಿ ಗಿಡ ಬೇರೂರಿತು. ಗಿಡದ ಹಿಂದೆ ಹುಳ, ಮೀನು, ಹಕ್ಕಿ ಬಂದವು. 1986ರಲ್ಲಿ ಅದು ಪಕ್ಷಿಧಾಮವಾಯಿತು. 2019ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್ಸರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂದು, ಗುರುತಿಸಲ್ಪಟ್ಟಿತು. 1,437 ಹೆಕ್ಟೇರಿನ ಆ ತಾಣದಲ್ಲಿ ದಾಖಲಾಗಿರುವ ಜೀವಿ ಪ್ರಭೇದಗಳು 536.

ಒಂದೇ ತಾಲ್ಲೂಕಿನ ಎರಡು ಬಗೆಯ ನೀರು. ಒಂದರ ತಳದಲ್ಲಿ ಮಣ್ಣಿಲ್ಲ, ಬೇರಿಲ್ಲ. ಇನ್ನೊಂದರಲ್ಲಿ ಹಸಿರು ಎಷ್ಟಿದೆಯೆಂದರೆ ಅದರದೇ ಒಂದು ಜಾತಿ ಈಗ ತಾಣಕ್ಕೆ ಅಪಾಯ ತಂದಿದೆ. ಮೀನು ಸಾಕುವವರಿಗೆ ಕೊಡುವ ಸಲಹೆಪುಸ್ತಿಕೆಗಳ ಮೊದಲ ಪುಟದಲ್ಲಿ ‘ಕಳೆ ತೆಗೆಯಿರಿ’ ಎಂಬ ಮಾತು ಇದ್ದೇ ಇರುತ್ತದೆ. ಮರಿ ಸಾಕುವ ಸಣ್ಣ ಕೊಳಗಳ ಮಟ್ಟಿಗೆ ಆ ಮಾತು ಸರಿ. ಅದನ್ನೇ ಎಲ್ಲ ಕೆರೆಗೂ ಎಲ್ಲ ಗಿಡಕ್ಕೂ ಹಚ್ಚಿದ್ದರಿಂದ ನಾವು ಕಳೆದುಕೊಂಡದ್ದು ಸಣ್ಣದಲ್ಲ ಎಂದು ನಾನು ನಂಬಿದ್ದೇನೆ. ಕೊಳದಲ್ಲಿ ಯಾವ ಗಿಡವಿದೆ, ಎಷ್ಟಿದೆ, ಅಲ್ಲಿಗೆ ಯಾವ ನೀರು ಹರಿದು ಬರುತ್ತಿದೆ ಎಂದು ಕೇಳದೆ ಕುಡುಗೋಲು ಹಿಡಿಯಬಾರದು.

ನೀರಿನ ನಾಲ್ಕು ಅಂತಸ್ತು

ಹಳೆಯ ಕೆರೆಯೊಂದರ ಅಂಚಿನಿಂದ ನಡುವಿನವರೆಗೆ ಕಣ್ಣು ಹಾಯಿಸಿದರೆ ಗಿಡಗಳು ಮನಬಂದಂತೆ ಬೆಳೆದಿಲ್ಲ ಎಂಬುದು ತಿಳಿಯುತ್ತದೆ. ದಡದ ಕೆಸರಿನಲ್ಲಿ ಹೊನಗೊನ್ನೆ, ಒಂದೆಲಗ, ಕೊಳವಳಿಕೆ. ಮೊಣಕಾಲುದ್ದದ ನೀರಿನಲ್ಲಿ ಬೇರನ್ನು ಮುಳುಗಿಸಿ ಮೈಯನ್ನು ಗಾಳಿಗೆ ಚಾಚಿದ ಜೊಂಡು, ಆಪು. ಇನ್ನಷ್ಟು ಆಳಕ್ಕೆ ಹೋದರೆ ಬೇರು ಕೆಸರಿನಲ್ಲಿ, ಎಲೆ ನೀರ ಮೇಲೆ ಇರುವ ತಾವರೆ, ನೈದಿಲೆ, ಸಿಂಗಾಡ. ಅದರಾಚೆ ಪೂರ್ತಿ ಮುಳುಗಿಯೇ ಬಾಳುವ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ನಾಜಾಸ್, ಸೆರಟೊಫಿಲಮ್. ಬೇರೂರುವ ಗೊಡವೆಯೇ ಇಲ್ಲದೆ ತೇಲಾಡುವ ಅಜೋಲಾ, ಲೆಮ್ನಾ, ಅಂತರಗಂಗೆಗಳು ಗಾಳಿ ಬೀಸಿದ ಕಡೆ ಸರಿಯುತ್ತವೆ. ಜಗತ್ತಿನ ಅತಿ ಚಿಕ್ಕ ಹೂಬಿಡುವ ಸಸ್ಯವಾದ ವುಲ್ಫಿಯಾ ಕೂಡ ಈ ತೇಲುವವರ ಗುಂಪಿನದೇ. ನೀರಿಗೆ ಕೈ ಅದ್ದಿದರೆ ಹಸಿರು ರವೆಯಂತೆ ಅಂಟಿಕೊಳ್ಳುತ್ತದೆ.

ಮುಳುಗಿದ ಗಿಡಗಳ ಬದುಕನ್ನು ನೋಡಿದವರು ಕಡಿಮೆ. ವ್ಯಾಲಿಸ್ನೇರಿಯಾದ ಗಂಡು ಹೂ ನೀರಿನಡಿಯಲ್ಲಿ ತೊಟ್ಟು ಕಳಚಿಕೊಂಡು ಮೇಲೇರಿ ಅರಳುತ್ತದೆ. ಹೆಣ್ಣು ಹೂ ಉದ್ದನೆಯ ದಂಟಿನ ತುದಿಯಲ್ಲಿ ನೀರಿನ ಮಟ್ಟಕ್ಕೆ ಬಂದು ಕಾಯುತ್ತದೆ. ತೇಲುತ್ತ ಬಂದ ಗಂಡು ಹೂ ಅದಕ್ಕೆ ತಗುಲಿದರೆ ಪರಾಗಸ್ಪರ್ಶ. ಆಮೇಲೆ ದಂಟು ಸುರುಳಿ ಸುತ್ತಿಕೊಂಡು ಕಾಯನ್ನು ಮತ್ತೆ ತಳಕ್ಕೆ ಎಳೆದುಕೊಳ್ಳುತ್ತದೆ. ಯುಟ್ರಿಕ್ಯುಲೇರಿಯಾ ಎಂಬ ಇನ್ನೊಂದು ಗಿಡಕ್ಕೆ ಬೇರೇ ಇಲ್ಲ. ಎಲೆಗಳ ನಡುವಿನ ಪುಟ್ಟ ಚೀಲಗಳು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಬಾಯಿ ತೆರೆದು ನೀರಿನ ಸೂಕ್ಷ್ಮ ಪ್ರಾಣಿಗಳನ್ನು ಒಳಗೆಳೆದುಕೊಳ್ಳುತ್ತವೆ. ಬಲೆಗೆ ಸಿಕ್ಕಿಕೊಂಡು ಬಂದಾಗ ನಾವು ದಡಕ್ಕೆಸೆದು ಒಣಗಿಸುವ ‘ಪಾಚಿ’ಯ ಗುಡ್ಡೆಯಲ್ಲಿ ಇವೆಲ್ಲ ಇರುತ್ತವೆ.

ಮೀನಿಗೆ ಇದರಿಂದೇನು? ಮೊದಲನೆಯದು ಊಟ. ಜಲಸಸ್ಯವನ್ನು ನೇರವಾಗಿ ಮೇಯುವ ಮೀನು ನಮ್ಮ ಕೆರೆಗಳಲ್ಲಿ ಕಡಿಮೆ. ಆದರೆ ಗಿಡದ ದಂಟು, ಎಲೆಗಳ ಮೇಲೆ ಬ್ಯಾಕ್ಟೀರಿಯಾ, ಪಾಚಿ, ಸೂಕ್ಷ್ಮ ಪ್ರಾಣಿಗಳು ಸೇರಿ ಲೋಳೆಯಂಥ ತೆಳು ಪದರವೊಂದು ಬೆಳೆಯುತ್ತದೆ. ರೋಹು ಅದನ್ನು ಕೆರೆದು ತಿನ್ನುತ್ತದೆ. ಬರಿ ನೀರಿಗಿಂತ ಗಿಡವಿರುವ ನೀರಿನಲ್ಲಿ ಅಂಟಿಕೊಳ್ಳಲು ಜಾಗ ಎಷ್ಟೋ ಪಟ್ಟು ಹೆಚ್ಚು. ಎರಡನೆಯದು ಬಾಣಂತನದ ಜಾಗ. ಸಾಮಾನ್ಯ ಗೆಂಡೆಯ ಮೊಟ್ಟೆ ಅಂಟುವಂಥದು; ಗಿಡ ಸಿಗದಿದ್ದರೆ ಕೆಸರಿಗೆ ಬಿದ್ದು ಹಾಳಾಗುತ್ತದೆ. ಅದಕ್ಕೇ ಗೆಂಡೆ ಮರಿ ತೆಗೆಯುವ ಕೇಂದ್ರಗಳಲ್ಲಿ ಹೆಣ್ಣು ಗಂಡು ಬಿಡುವ ಮೊದಲು ತೊಳೆದ ಹೈಡ್ರಿಲ್ಲಾವನ್ನು ನೀರಿಗೆ ಹರಡುತ್ತಾರೆ. ಬೆಳೆಸುವ ಕೊಳದಿಂದ ಕಿತ್ತೆಸೆಯುವ ಗಿಡವನ್ನೇ ಮರಿ ಕೇಂದ್ರದಲ್ಲಿ ಹುಡುಕಿ ತರುತ್ತಾರೆ. ಮರಾಠಿಯವರು ಮರಳ ಎನ್ನುವ ನಮ್ಮ ಕೊರವ ಮೀನು ಜೊಂಡಿನ ನಡುವೆ ಗಿಡ ಸರಿಸಿ ಗೂಡು ಮಾಡುತ್ತದೆ; ಮರಿ ದೊಡ್ಡದಾಗುವ ತನಕ ತಂದೆ ತಾಯಿ ಎರಡೂ ಕಾವಲಿರುತ್ತವೆ. ಅಂಚಿನ ಜೊಂಡು ಹೋದರೆ ಕೊರವವೂ ಹೋಗುತ್ತದೆ.

ಇನ್ನೊಂದು ಕೆಲಸ ಕಣ್ಣಿಗೆ ಬೀಳುವುದಿಲ್ಲ. ತಾವರೆಯ ದಂಟು ಮುರಿದರೆ ಕಾಣುವ ತೂತುಗಳು ಗಾಳಿಯ ಕೊಳವೆಗಳು. ಎಲೆಯಿಂದ ಆಮ್ಲಜನಕ ಅವುಗಳ ಮೂಲಕ ಕೆಸರಿನೊಳಗಿನ ಗೆಡ್ಡೆಗೆ ಇಳಿಯುತ್ತದೆ, ಸ್ವಲ್ಪ ಬೇರಿನ ಸುತ್ತಲಿನ ಕೆಸರಿಗೂ ಸೋರುತ್ತದೆ. ಆ ಸೋರಿಕೆಯನ್ನು ನಂಬಿ ಬದುಕುವ ಬ್ಯಾಕ್ಟೀರಿಯಾಗಳು ಮೀನಿಗೆ ವಿಷವಾದ ಅಮೋನಿಯಾವನ್ನು ನೈಟ್ರೇಟಾಗಿ ಬದಲಿಸುತ್ತವೆ. ಮೀನಿಗೆ ಹಾಕಿದ ಆಹಾರದ ಸಾರಜನಕದಲ್ಲಿ ಹೆಚ್ಚಿನ ಪಾಲು ಮೀನಿನ ಮೈಗೆ ಸೇರದೆ ನೀರಿಗೇ ಹೋಗುತ್ತದೆ. ಅದನ್ನು ಹೀರಿಕೊಳ್ಳುವವರು ಬೇಕೇ ಬೇಕು. ಗಿಡ ಇದ್ದರೆ ಗಿಡ ಹೀರುತ್ತದೆ. ಇಲ್ಲದಿದ್ದರೆ ತೇಲುವ ಪಾಚಿ.

ಬೆಳಗಿನ ಜಾವದ ಲೆಕ್ಕ

ಹಸಿರು ಹೆಚ್ಚಿದ್ದಷ್ಟೂ ಆಮ್ಲಜನಕ ಹೆಚ್ಚು ಎಂದು ತಿಳಿದವರಿದ್ದಾರೆ. ಹಗಲಿನ ಮಟ್ಟಿಗೆ ಅದು ನಿಜ. ಬಿಸಿಲಿನಲ್ಲಿ ಗಿಡ, ಪಾಚಿಗಳು ಆಮ್ಲಜನಕ ಬಿಡುತ್ತವೆ, ಕರಗಿದ ಇಂಗಾಲದ ಡೈಆಕ್ಸೈಡ್ ಹೀರುತ್ತವೆ. ಅದನ್ನು ಹೀರುತ್ತ ಹೋದಂತೆ ನೀರಿನ ಕ್ಷಾರತೆ ಏರಿ, ಗಿಡ ದಟ್ಟವಾಗಿರುವ ಕೊಳದಲ್ಲಿ ಮಧ್ಯಾಹ್ನ ಪಿಎಚ್ 9 ದಾಟುವುದೂ ಉಂಟು. ಆಗ ಇದ್ದಷ್ಟೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಸಂಜೆಯಾದ ಮೇಲೆ ಉಸಿರಾಟ ಮಾತ್ರ ಉಳಿಯುತ್ತದೆ: ಮೀನು, ಗಿಡ, ಪಾಚಿ, ಕೆಸರಿನ ಬ್ಯಾಕ್ಟೀರಿಯಾ ಎಲ್ಲವೂ ಒಂದೇ ದಾಸ್ತಾನಿನಿಂದ ಆಮ್ಲಜನಕ ತೆಗೆಯುತ್ತವೆ. ಗೆಂಡೆ ಮೀನುಗಳಿಗೆ ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಸುಖ. 3ಕ್ಕಿಂತ ಇಳಿದರೆ ಸಂಕಟ. ಸೂರ್ಯ ಹುಟ್ಟುವುದಕ್ಕೆ ಮುಂಚಿನ ಗಂಟೆಯಲ್ಲಿ ಅದು ಅತಿ ಕಡಿಮೆ. ನಸುಕಿನಲ್ಲಿ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮೀನು ಸಾಕುವವರ ಎದೆ ಝಲ್ಲೆನ್ನುವುದು ಇದಕ್ಕೇ. ಮೋಡ ಕವಿದ ಎರಡು ದಿನ ಕಳೆದ ಮೇಲಿನ ನಸುಕು ಇನ್ನೂ ಕೆಟ್ಟದ್ದು.

ಹಾಗೆಂದು ಹೆದರಿ ಒಂದೇ ದಿನ ಔಷಧಿ ಹೊಡೆದು ಎಲ್ಲ ಹಸಿರನ್ನೂ ಕೊಂದರೆ ಆಗುವುದು ಇನ್ನೂ ದೊಡ್ಡ ಅನಾಹುತ. ಸತ್ತ ಗಿಡ, ಪಾಚಿ ಕೊಳೆಯಲು ಇರುವ ಆಮ್ಲಜನಕವೆಲ್ಲ ಖರ್ಚಾಗುತ್ತದೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿದ ಎರಡು ಮೂರು ದಿನಕ್ಕೆ ಮೀನು ತೇಲುವುದು ಹೀಗೆ. ದ್ರಾಕ್ಷಿ ಸೀಮೆಯವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದೂ ಅದೇ ತಾಮ್ರ. ತೋಟದ ನೀರು ಹರಿದು ಹೊಂಡ ಸೇರುವಂತಿದ್ದರೆ ಗಿಡಕ್ಕೂ ಪಾಚಿಗೂ ಮೀನಿಗೂ ಅದು ಕೇಡು.

ಕೊಳ ಎರಡು ಬಗೆಯಲ್ಲಿ ನೆಲೆ ನಿಲ್ಲಬಲ್ಲದು. ತಳದಲ್ಲಿ ಗಿಡ ಬೇರೂರಿದ್ದರೆ ಅದು ಕೆಸರನ್ನು ಹಿಡಿದಿಡುತ್ತದೆ, ಗೊಬ್ಬರ ಹೀರುತ್ತದೆ, ಪಾಚಿ ತಿನ್ನುವ ಸೂಕ್ಷ್ಮ ಪ್ರಾಣಿಗಳಿಗೆ ಅಡಗುವ ಜಾಗ ಕೊಡುತ್ತದೆ. ನೀರು ತಿಳಿಯಾಗಿರುತ್ತದೆ, ತಿಳಿನೀರಿನಲ್ಲಿ ಗಿಡಕ್ಕೆ ಮತ್ತೆ ಬಿಸಿಲು ಸಿಗುತ್ತದೆ. ಪಾಚಿಯೋ ಕೆಸರೋ ನೀರನ್ನು ಕದಡಿದರೆ ತಳಕ್ಕೆ ಬಿಸಿಲಿಲ್ಲ, ಗಿಡವಿಲ್ಲ, ಕೆಸರು ಹಿಡಿಯುವವರಿಲ್ಲ. ನೀರು ಇನ್ನಷ್ಟು ಕದಡುತ್ತದೆ. ಡಚ್ ವಿಜ್ಞಾನಿ ಮಾರ್ಟೆನ್ ಶೆಫರ್ ಮತ್ತು ಸಂಗಡಿಗರು 1993ರಲ್ಲಿ ಇದನ್ನು ವಿವರಿಸಿದ ಮೇಲೆ ಆಳವಿಲ್ಲದ ಕೆರೆಗಳನ್ನು ನೋಡುವ ರೀತಿಯೇ ಬದಲಾಯಿತು. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಕೆರೆ ಥಟ್ಟನೆ ಹೊರಳಬಲ್ಲದು, ಹೊರಳಿದ ಮೇಲೆ ಹಿಂದಕ್ಕೆ ಬರುವುದು ಬಹಳ ಕಷ್ಟ. ನಮ್ಮ ಕೆರೆಗಳಿಗೆ ಬಿಟ್ಟ ಸಾಮಾನ್ಯ ಗೆಂಡೆ ಆಹಾರಕ್ಕಾಗಿ ತಳ ಬಗೆಯುವ ಮೀನು. ಗಿಡದ ಬೇರು ಕಿತ್ತು ಕೆಸರೆಬ್ಬಿಸಿ ಈ ಹೊರಳಿಕೆಗೆ ಅದೂ ನೆರವಾಗುತ್ತದೆ. ಮೀನುಕೃಷಿಯ ಲಾಭದ ಪಟ್ಟಿಯಲ್ಲಿ ಈ ಬಾಬತ್ತನ್ನು ಯಾರೂ ಬರೆದಿಲ್ಲ.

ಮೇಯುವ ಮೀನು, ಕೊರೆಯುವ ಹುಳ

ಗಂಗೆಯ ಬಯಲಿನ ಕಾಟ್ಲ, ರೋಹು, ಮೃಗಾಲ್‌ಗಳ ಮರಿಗಾಗಿ ನದಿಯನ್ನೇ ನೆಚ್ಚಿಕೊಂಡಿದ್ದ ಕಾಲ ಮುಗಿದದ್ದು 1957ರ ಜುಲೈ 10ರಂದು. ಡಾ. ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಚುಚ್ಚುಮದ್ದಿನಿಂದ ಈ ಗೆಂಡೆಗಳಿಗೆ ಮೊಟ್ಟೆ ಇಡಿಸಿದರು. ಆ ದಿನವೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. 1959ರಲ್ಲಿ ಹೊರದೇಶದಿಂದ ಬೆಳ್ಳಿಗೆಂಡೆ, ಹುಲ್ಲುಗೆಂಡೆಗಳು ಬಂದವು. ಹುಲ್ಲುಗೆಂಡೆ ಹೈಡ್ರಿಲ್ಲಾ, ನಾಜಾಸ್, ಲೆಮ್ನಾಗಳನ್ನು ಆಸೆಯಿಂದ ಮೇಯುತ್ತದೆ, ಮೈತೂಕದ ಅರ್ಧದಷ್ಟು ಹಸಿರನ್ನು ದಿನಕ್ಕೆ ಮುಗಿಸಬಲ್ಲದು. ಜೀರ್ಣವಾಗದೆ ಹೊರಬಿದ್ದದ್ದು ಕೊಳಕ್ಕೆ ಗೊಬ್ಬರವಾಗಿ ಉಳಿದ ಮೀನುಗಳನ್ನು ಸಾಕುತ್ತದೆ. ಕೊಳದಲ್ಲಿ ಇದು ಒಳ್ಳೆಯ ಏರ್ಪಾಡು. ಸಂಖ್ಯೆ ಮೀರಿ ಕೆರೆಗೆ ಬಿಟ್ಟರೆ ಮಾತ್ರ ಅದು ಯಾವ ಗಿಡ ಅಪರೂಪ, ಯಾವುದು ಕಳೆ ಎಂದು ನೋಡುವುದಿಲ್ಲ. ನಾವು ಮೇಯಿಸಿ ಮುಗಿಸಬೇಕೆಂದಿರುವ ನೇರಳೆ ಹೂವಿನ ಅಂತರಗಂಗೆಯನ್ನಂತೂ ಅದು ಬಹುಮಟ್ಟಿಗೆ ಬಿಟ್ಟೇ ಬಿಡುತ್ತದೆ.

ಮಹಾರಾಷ್ಟ್ರದಲ್ಲಿ ಜಲಪರ್ಣಿ ಎಂದು ಕರೆಯುವ ಆ ಗಿಡ ಅಮೆಜಾನ್ ಸೀಮೆಯದು. ಹೂವಿನ ಚೆಲುವಿಗೆ ಮರುಳಾದವರ ಜತೆ ಲೋಕ ಸುತ್ತಿ, 19ನೇ ಶತಮಾನದ ಕೊನೆಗೆ ಬಂಗಾಳಕ್ಕೆ ಬಂದಿಳಿಯಿತು. ಅನುಕೂಲವಿದ್ದರೆ ಎರಡು ವಾರದೊಳಗೆ ಇಮ್ಮಡಿಯಾಗುತ್ತದೆ. ಅದರ ಚಾಪೆಯ ಕೆಳಗೆ ಬಿಸಿಲಿಲ್ಲ, ಗಾಳಿಯ ಆಮ್ಲಜನಕ ನೀರಿಗೆ ಕರಗಲು ದಾರಿಯಿಲ್ಲ. ಮುಳುಗು ಗಿಡಗಳು ಸಾಯುತ್ತವೆ, ಬಲೆ ಬೀಸಲು ಜಾಗವಿರುವುದಿಲ್ಲ. ನಾಂದೂರ್ ಮಧಮೇಶ್ವರಕ್ಕೆ ಇರುವ ಅಪಾಯಗಳಲ್ಲಿ ರಾಮ್ಸರ್ ದಾಖಲೆ ಇದನ್ನು ಹೆಸರಿಟ್ಟು ಹೇಳಿದೆ. ಮೇಲ್ಗಡೆ ನಾಸಿಕ ನಗರವಿದೆ, ಗೋದಾವರಿ ನಗರದ ಕೊಳೆಯನ್ನೂ ಹೊತ್ತು ಬರುತ್ತದೆ. ಕೆಳಗಡೆ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ, ಜಾಯಕವಾಡಿ ಅಣೆಕಟ್ಟಿನ ನಾಥಸಾಗರವಿದೆ. ಅಲ್ಲಿಯ ಮೀನುಗಾರರ ಬಲೆಗೆ ಬೀಳುವುದೂ ಇದೇ ನದಿಯ ನೀರಿನಲ್ಲಿ ಬೆಳೆದದ್ದು. ಚರಂಡಿ ನೀರನ್ನು ಸಂಸ್ಕರಿಸದೆ ಯಂತ್ರ ತಂದು ಜಲಪರ್ಣಿ ಎತ್ತಿ ಹಾಕುವುದು ಪ್ರತಿ ವರ್ಷದ ಖರ್ಚು. ಅದರ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಗೊಬ್ಬರ ಉಣಿಸುವವರು ನಾವು, ಉಂಡು ಬೆಳೆದದ್ದರ ಮೇಲೆ ಸಿಟ್ಟು ಮಾಡುವವರೂ ನಾವು. ಬೆಂಗಳೂರಿನ ಬೆಳ್ಳಂದೂರು ಕೆರೆ 2017ರಲ್ಲಿ ಹೊಗೆಯಾಡಿದ್ದನ್ನು ದೇಶವೆಲ್ಲ ನೋಡಿತು; ಅಲ್ಲಿಯ ಕಥೆಯೂ ಬೇರೆಯಲ್ಲ.

ಬೆಂಗಳೂರಿನ ಹೆಸರು ಒಂದು ಒಳ್ಳೆಯ ಕಾರಣಕ್ಕೂ ಇಲ್ಲಿ ಬರಬೇಕು. 1980ರ ದಶಕದ ಮೊದಲ ಭಾಗದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೀಟಶಾಸ್ತ್ರಜ್ಞರು ಜಲಪರ್ಣಿಯ ಹುಟ್ಟೂರಿನಲ್ಲಿ ಅದನ್ನು ತಿಂದು ಬದುಕುವ ನಿಯೋಕೆಟಿನಾ ಎಂಬ ಮೂತಿಹುಳುಗಳನ್ನು ತರಿಸಿದರು. ಬೇರೆ ಬೆಳೆಗೆ ಬಾಯಿ ಹಾಕುವುದಿಲ್ಲ ಎಂದು ಪರೀಕ್ಷಿಸಿದ ಮೇಲೆ ಬೆಂಗಳೂರಿನ ಕೆರೆಗಳಿಗೆ ಬಿಟ್ಟರು. ಮರಿಹುಳು ದಂಟು ಕೊರೆಯುತ್ತದೆ, ದೊಡ್ಡ ಹುಳು ಎಲೆ ಕೆರೆಯುತ್ತದೆ. ಗಿಡ ನಿಧಾನವಾಗಿ ಸೊರಗಿ ಮುಳುಗುತ್ತದೆ. ಸಾಲ್ವೀನಿಯಾ ಎಂಬ ತೇಲು ಜರೀಗಿಡಕ್ಕೆ ಇನ್ನೊಂದು ಮೂತಿಹುಳು ತಂದರು. ಬೆಂಗಳೂರಿನ ನೈದಿಲೆ ಕೊಳವೊಂದರಲ್ಲಿ ಅದನ್ನು ಬಿಟ್ಟ ಒಂದು ವರ್ಷದೊಳಗೆ ಸಾಲ್ವೀನಿಯಾ ಕುಸಿದು, ಅದರಡಿ ಅಡಗಿಹೋಗಿದ್ದ ನೈದಿಲೆಗಳು ಮತ್ತೆ ತಲೆಯೆತ್ತಿದವು. ಕನ್ನಡ ನೆಲದಲ್ಲಿ ನಡೆದ ಈ ಕೆಲಸವನ್ನು ನಮ್ಮ ಶಾಲಾ ಪಠ್ಯಗಳಲ್ಲಿ ಸೇರಿಸಬೇಕಿತ್ತು.

ಕೇರಳದ ಚೇರ್ತಲೆಯಲ್ಲಿ ನಡೆದದ್ದು ಇನ್ನೊಂದು ಪಾಠ. ಅಲ್ಲಿ ಆನೆಕಾಲು ರೋಗ ಹರಡುತ್ತಿದ್ದ ಮ್ಯಾನ್ಸೋನಿಯಾ ಸೊಳ್ಳೆಯ ಮರಿಗಳು ಉಸಿರಾಡಲು ನೀರಿನ ಮೇಲಕ್ಕೇ ಬರುವುದಿಲ್ಲ. ಜಲಪರ್ಣಿಯಲ್ಲದ ಇನ್ನೊಂದು ಬಗೆಯ ತೇಲುವ ಅಂತರಗಂಗೆಯ ಬೇರಿಗೆ ಚುಚ್ಚಿಕೊಂಡು ಅಲ್ಲಿಂದಲೇ ಗಾಳಿ ಹೀರುತ್ತವೆ. 1980ರ ದಶಕದಲ್ಲಿ ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರಿನವರು ಮನೆಮನೆಯ ಕೊಳಗಳಲ್ಲಿ ಅಂತರಗಂಗೆ ತೆಗೆಸಿ ಹುಲ್ಲುಗೆಂಡೆಯೂ ಸೇರಿದ ಮೀನುಕೃಷಿಯನ್ನು ಹರಡಿದರು. ಮೀನಿನ ಆದಾಯಕ್ಕಾಗಿ ಜನ ತಾವೇ ಕೊಳ ಚೊಕ್ಕಟವಾಗಿಟ್ಟುಕೊಂಡರು. ಒಂದು ನಿರ್ದಿಷ್ಟ ಗಿಡ, ಒಂದು ನಿರ್ದಿಷ್ಟ ಕಾರಣ: ತೆಗೆಯುವುದಾದರೆ ಹೀಗೆ ತಿಳಿದು ತೆಗೆಯಬೇಕು.

ಪ್ಲಾಸ್ಟಿಕ್ ಹಾಸಿನ ಮೇಲೆ

ಮತ್ತೆ ನಿಫಾಡಿನ ಹೊಂಡಗಳ ಮಾತು. ಹಾಳೆ ಹಾಸಿದ ಹೊಂಡದಲ್ಲಿ ನೈದಿಲೆ ನೆಡಿ ಎಂದರೆ ರೈತ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಜೊಂಡಿನ ಚೂಪು ಬೇರು ಹಾಳೆ ತೂತು ಮಾಡಿದರೆ ಬೇಸಿಗೆಯ ನೀರು ಹೋಯಿತು. ಅಂಥ ಹೊಂಡಕ್ಕೂ ಗಿಡದ ಕೆಲಸವನ್ನು ಬೇರೆ ದಾರಿಯಿಂದ ತರಬಹುದು. ಮಂಗಳೂರಿನ ಮೀನುಗಾರಿಕೆ ಕಾಲೇಜಿನವರು 1999ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಬ್ಬಿನ ಸಿಪ್ಪೆ, ಭತ್ತದ ಹುಲ್ಲು, ಒಣಗಿಸಿದ ಜಲಪರ್ಣಿ ಈ ಮೂರನ್ನೂ ನೀರಿನಲ್ಲಿ ಇಳಿಬಿಟ್ಟು, ಅವುಗಳ ಮೇಲೆ ಬೆಳೆದ ಲೋಳೆಪದರವನ್ನು ತಿಂದು ಸಾಮಾನ್ಯ ಗೆಂಡೆ, ರೋಹು ಮರಿಗಳು ಹೇಗೆ ಬೆಳೆಯುತ್ತವೆಂದು ಹೋಲಿಸಿದರು. ಕಬ್ಬಿನ ಸಿಪ್ಪೆಗೆ ಮೇಲುಗೈ ಸಿಕ್ಕಿತು. ನಾಸಿಕ, ಅಹಿಲ್ಯಾನಗರದಲ್ಲಾಗಲಿ ನಮ್ಮ ಬಾಗಲಕೋಟೆ, ಬೆಳಗಾವಿಯಲ್ಲಾಗಲಿ ಕಬ್ಬಿನ ಸಿಪ್ಪೆಗೆ ಬರವಿಲ್ಲ. ಕಟ್ಟು ಕಟ್ಟಿ ಬಿದಿರಿಗೆ ನೇತುಹಾಕುವುದಷ್ಟೇ ಕೆಲಸ. ಅತಿಯಾಗಿ ಹಾಕಿದರೆ ಕೊಳೆತು ಆಮ್ಲಜನಕ ತಿನ್ನುತ್ತದೆ ಎಂಬ ಎಚ್ಚರ ಬೇಕು. ಹೊಂಡದ ಪಕ್ಕ ಅಜೋಲಾ ತೊಟ್ಟಿಯೊಂದಿದ್ದರೆ ಹುಲ್ಲುಗೆಂಡೆಗೆ ಮೇವೂ ಆಯಿತು. ಅಜೋಲಾದ ಎಲೆಯೊಳಗೆ ಮನೆ ಮಾಡಿಕೊಂಡ ನೀಲಿಹಸಿರು ಪಾಚಿ ಗಾಳಿಯ ಸಾರಜನಕವನ್ನೇ ಹಿಡಿದು ಕೊಡುವುದರಿಂದ ಅದರಲ್ಲಿ ಪ್ರೊಟೀನ್ ಚೆನ್ನಾಗಿರುತ್ತದೆ.

ಹಾಳೆಯಿಲ್ಲದ ಮಣ್ಣಿನ ಕೊಳ, ಊರ ಕೆರೆಗಳ ಮಾತು ಬೇರೆ. ಅಂಚಿನ ಹತ್ತರಲ್ಲೊಂದು ಪಾಲನ್ನಾದರೂ ಗಿಡಗಳಿಗೆ ಬಿಡಬೇಕೆಂಬುದು ನನ್ನ ಆಗ್ರಹ. ನೀರು ಒಳಬರುವ ಬಾಯಲ್ಲಿ ಜೊಂಡು, ಆಪು ಇರಲಿ. ಹೊಲದಿಂದ ಬರುವ ಗೊಬ್ಬರವನ್ನೂ ಮಣ್ಣನ್ನೂ ಅವು ಮೊದಲೇ ತಡೆಯುತ್ತವೆ. ಒಂದು ಮೂಲೆಯಲ್ಲಿ ನೈದಿಲೆ ಇರಲಿ, ಅದರ ಎಲೆಯ ಮೇಲೆ ಉದ್ದ ಬಾಲದ ದೇವನಕ್ಕಿ ಮೊಟ್ಟೆಯಿಡಬಹುದು; ಕಾವು ಕೂರುವುದು ಅದರ ಗಂಡು. ನಡುವಿನ ನೀರು ತೆರೆದಿರಲಿ, ಬಲೆಗೆ ಜಾಗ ಬೇಕು. ಕಡಿಯುವುದಾದರೆ ಒಂದು ಬದಿ ಕಡಿದು, ಕಡಿದದ್ದನ್ನು ಅಂದೇ ಹೊರಗೆ ಸಾಗಿಸಿ, ವಾರ ಬಿಟ್ಟು ಇನ್ನೊಂದು ಬದಿಗೆ ಹೋಗಬೇಕು.

ಗಿಡ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರ ಹತ್ತಿರದ ಹಳೆಯ ಕೆರೆಯ ಹೂಳಿನಲ್ಲೇ ಇದೆ. ಬೇಸಿಗೆಯಲ್ಲಿ ರೈತರು ಹೊಲಕ್ಕೆ ಹೊಡೆಯುವ ಆ ಮಣ್ಣಿನಲ್ಲಿ ವ್ಯಾಲಿಸ್ನೇರಿಯಾ, ನಾಜಾಸ್‌ಗಳ ಬೀಜ, ಹೈಡ್ರಿಲ್ಲಾದ ಪುಟ್ಟ ಗೆಡ್ಡೆ, ಕಾರಾ ಪಾಚಿಯ ಕಾಳು ಮಲಗಿರುತ್ತವೆ. ಕೊಳದ ಅಂಚಿಗೆ ಕೆಲವು ಬುಟ್ಟಿ ಹರಡಿದರೆ ಮೊದಲ ಮಳೆಗೇ ಆ ಸೀಮೆಯದೇ ಗಿಡಗಳು ಏಳುತ್ತವೆ. ಆದರೆ ಜಲಪರ್ಣಿಯ ಬೀಜ ಹದಿನೈದು ವರ್ಷ ಕಳೆದರೂ ಮೊಳೆಯಬಲ್ಲದು. ಆ ನೇರಳೆ ಹೂ ಒಂದು ಸಲವಾದರೂ ಅರಳಿದ್ದ ಕೆರೆಯಿಂದ ಒಂದು ಬೊಗಸೆ ಮಣ್ಣನ್ನೂ ತರಬಾರದು. ಯಾವ ಕೆರೆಯಲ್ಲಿ ಅದು ಎಂದೂ ಇರಲಿಲ್ಲ ಎಂಬುದನ್ನು ಅಲ್ಲಿ ಬಲೆ ಬೀಸಿ ಬೆಳೆದ ಹಿರಿಯರನ್ನೇ ಕೇಳಬೇಕು.